ದಿನಕ್ಕೊಂದು ಚಿತ್ರ, ಚಿತ್ರಕ್ಕೊಂದು ತಪ್ಪು

ಆ ಬೀದಿಯಲ್ಲಿ ಅವಳು ಎಲ್ಲರಿಗೂ ಹಲ್ಲಕ್ಕ. ಹಲ್ಲು ಉಬ್ಬಿದ್ದರಿಂದ ಬಂದ ಹೆಸರಲ್ಲ. ಅವಳು ಹಲ್ಲಿನ ಸೆಟ್ಟು ಕಟ್ಟುವವಳು. ದಂತವೈದ್ಯರ ಕ್ಲಿನಿಕ್ಕಿನ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ, ಕಿಟಕಿಗೆ ಮುಖ ಮಾಡಿದ ಮೇಜು, ಮೇಜಿನ ಮೇಲೆ ಪುಟ್ಟ ದೀಪ, ಮೇಣ ಕೆತ್ತುವ ಚಾಕು, ಸಾಲಾಗಿ ಕೂತ ಪ್ಲಾಸ್ಟರಿನ ದವಡೆಗಳು. ಇಪ್ಪತ್ತಾರು ವರ್ಷಗಳಿಂದ ಅವಳ ಜಾಗ ಅದೇ. ಕೆಳಗೆ ಡಾಕ್ಟರು ಬಾಯಿಯ ಅಳತೆ ತೆಗೆದು ಮೇಲೆ ಕಳಿಸುತ್ತಾರೆ. ಇವಳು ಅದಕ್ಕೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಗುಲಾಬಿ ಮೇಣದ ಒಸಡಿನಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಾಳೆ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂದು ಯಾರಾದರೂ ನಿಟ್ಟುಸಿರು ಬಿಟ್ಟರೆ, "ಕಡಲೆ ನೀವು ತನ್ನಿ, ಉಳಿದದ್ದು ನಾನು ನೋಡ್ಕೋತೀನಿ" ಎನ್ನುವುದು ಅವಳ ರೂಢಿ.

ನಾನು ಹೇಳಹೊರಟಿರುವುದು ಹಲ್ಲಿನ ಕಥೆಯಲ್ಲ, ಮಾತಿನ ಕಥೆ. ಆದರೂ ಹಲ್ಲು ನಡುನಡುವೆ ಬಾಯಿ ಹಾಕುತ್ತದೆ. ಅದಕ್ಕೆ ನಾನೇನು ಮಾಡಲಿ?

ಹಲ್ಲಕ್ಕನಿಗೆ ಒಬ್ಬ ಅಣ್ಣ, ಅವಳಿಗಿಂತ ಒಂಬತ್ತು ವರ್ಷ ದೊಡ್ಡವನು. ಎರಡು ಬೀದಿಯಾಚೆ ಅವನ ಮನೆ. ಪಠ್ಯಪುಸ್ತಕ ಅಚ್ಚು ಹಾಕುವ ಪ್ರೆಸ್ಸೊಂದರಲ್ಲಿ ಮೂವತ್ತೊಂದು ವರ್ಷ ಪ್ರೂಫ್ ನೋಡಿದವನು. ಮೊಸರಿನಲ್ಲಿ ಕಲ್ಲು ಹುಡುಕುತ್ತಾನೆ ಎಂದು ಜನ ಬೈಯುವುದಕ್ಕೆ ಹೇಳುತ್ತಾರೆ. ಅಣ್ಣನಿಗೆ ಸಂಬಳ ಬರುತ್ತಿದ್ದದ್ದೇ ಅದಕ್ಕೆ. ಅಂಗಿಯ ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ಸಿಲ್. ಮನೆಗೆ ಮದುವೆಯ ಕರೆಯೋಲೆ ಬಂದರೂ ಮೊದಲು ಅದರ ತಪ್ಪು ತಿದ್ದಿ, ಆಮೇಲೆ ಮದುವೆ ಯಾರದು ಎಂದು ನೋಡುತ್ತಿದ್ದ. ಒಂದು ಪುಟದಲ್ಲಿ ತಪ್ಪೇ ಉಳಿದಿಲ್ಲವೆಂದು ಖಾತ್ರಿಯಾದಾಗ ಅದರ ಕೆಳಗೆ "ಅಚ್ಚಿಗೆ ಕೊಡಬಹುದು" ಎಂದು ಬರೆದು ಸಹಿ ಹಾಕುವುದು ಅವನ ಕೆಲಸದ ಪದ್ಧತಿ. ಮನೆಯಲ್ಲೂ ಅವನ ಬಾಯಿಂದ ಬರುವ ಅತಿ ದೊಡ್ಡ ಹೊಗಳಿಕೆ ಅದೇ. ಅಡುಗೆ ಅಪರೂಪಕ್ಕೆ ಎಲ್ಲ ಬಗೆಯಲ್ಲೂ ಸರಿಯಾದ ದಿನ ಕೈ ತೊಳೆಯುತ್ತಾ, "ಇವತ್ತಿಂದು ಅಚ್ಚಿಗೆ ಕೊಡಬಹುದು" ಎನ್ನುತ್ತಿದ್ದ. ವರ್ಷಕ್ಕೆ ಎರಡು ಸಲ ಹಾಗಂದರೆ ಹೆಚ್ಚು. ಅಂಥ ದಿನ ಅತ್ತಿಗೆ ಅಕ್ಕಪಕ್ಕದ ಮೂರು ಮನೆಗಳಿಗೆ ಸುದ್ದಿ ಮುಟ್ಟಿಸದೆ ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಪತ್ರಿಕೆ ಓದುತ್ತಿದ್ದ ಅಣ್ಣನ ಕೈಯಿಂದ ಪೆನ್ಸಿಲ್ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವನು ತಾನೂ ಬಿದ್ದ. ಪಾರ್ಶ್ವವಾಯು. ಮೂರು ವಾರ ಆಸ್ಪತ್ರೆ, ಆಮೇಲೆ ಮನೆ. ಕಾಲು ಕೋಲಿನ ಸಹಾಯದಿಂದ ಹಿಂದಿರುಗಿತು. ಬಲಗೈ ಅರ್ಧಕ್ಕೆ ಬಂದು ನಿಂತಿತು. ಮಾತು ಮಾತ್ರ ಬರಲಿಲ್ಲ. ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತಿತ್ತು, ನಿಧಾನವಾಗಿ ಓದುತ್ತಲೂ ಇದ್ದ. ಆದರೆ ಬಾಯಿ ತೆರೆದರೆ, ಬಾಗಿಲ ತನಕ ಬಂದ ನೆಂಟರು ಹಾಗೇ ಹಿಂದಿರುಗಿದಂತೆ, ಮಾತು ತುಟಿಯ ಹತ್ತಿರ ಬಂದು ಹಿಂದೆ ಸರಿಯುತ್ತಿತ್ತು.

ಮಾತಿನ ಚಿಕಿತ್ಸೆ ಕೊಡುವ ಮೇಡಂ ವಾರಕ್ಕೆ ಎರಡು ಸಲ ಬರುತ್ತಿದ್ದರು. ಒಳ್ಳೆಯ ಹೆಂಗಸು, ಮೆಲ್ಲಗೆ ಮಾತಾಡುವವರು. ಬಟ್ಟಲು, ಕುರ್ಚಿ, ಬೀಗದ ಕೈ ಇರುವ ಚಿತ್ರದ ಕಾರ್ಡುಗಳನ್ನು ಮುಂದೆ ಹರಡಿ, "ಇದೇನು ಹೇಳಿ ಸರ್?" ಎನ್ನುತ್ತಿದ್ದರು. ಅಣ್ಣ ಕಾರ್ಡುಗಳನ್ನೆಲ್ಲ ಎಡಗೈಯಿಂದ ಒಟ್ಟುಮಾಡಿ, ಅಂಚು ಸಮ ಮಾಡಿ, ಅವರ ಕಡೆಗೆ ತಳ್ಳಿ ಕಿಟಕಿಯ ಕಡೆ ಮುಖ ತಿರುಗಿಸಿಬಿಡುತ್ತಿದ್ದ. ಬಟ್ಟಲನ್ನು ಬಟ್ಟಲು ಎನ್ನಲು ಅವನೇನು ತೊದಲು ಮಗುವೇ? ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

"ಮೊದಲ ಆರು ತಿಂಗಳು ತುಂಬಾ ಮುಖ್ಯ," ಎಂದರು ಮೇಡಂ ಹೊರಡುವಾಗ ಬಾಗಿಲಲ್ಲಿ. "ಆಮೇಲೂ ಮಾತು ಬರಬಹುದು, ಆದ್ರೆ ನಿಧಾನ. ಈಗ್ಲೇ ಮೂರು ತಿಂಗಳು ಹೋಯ್ತು. ಅವ್ರು ಮನಸ್ಸು ಮಾಡ್ಬೇಕು. ಅವ್ರಿಗೆ ಇಷ್ಟ ಆಗೋದು ಏನಾದ್ರೂ ಇದ್ಯಾ?"

"ಇವ್ರಿಗೆ ಇಷ್ಟ ಆಗೋದು ಒಂದೇ ಮೇಡಂ," ಎಂದರು ಅತ್ತಿಗೆ. "ಬೇರೆಯವ್ರ ತಪ್ಪು."

ಎಲ್ಲರೂ ನಕ್ಕರು. ಔಷಧಿಯ ಹೆಸರು ಅಲ್ಲೇ ಇತ್ತು, ನಗುವಿನಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಮೇಡಂ ಹೋದ ಮೇಲೆ ಅತ್ತಿಗೆ ಅಡುಗೆಮನೆಗೆ ಹೋಗಿ ಒಬ್ಬರೇ ಗೊಣಗಿಕೊಂಡರು: "ಮಾತು ಬೆಳ್ಳಿ, ಮೌನ ಬಂಗಾರ ಅಂತೆ. ಹಾಗಂದೋರ ಮನೇಲಿ ಯಾರಿಗೂ ಮಾತು ನಿಂತಿರ್ಲಿಲ್ಲ, ಅಷ್ಟೇ."

ಹಲ್ಲಕ್ಕ ಮನೆಗೆ ನಡೆಯುತ್ತಾ ಅಣ್ಣನಿಗೆ ಇಷ್ಟವಾದದ್ದನ್ನು ನೆನೆಸಿಕೊಂಡಳು. ಅವಳಿಗೆ ಐದಾರು ವರ್ಷವಿದ್ದಾಗ ಅಣ್ಣ ಬಾಡಿಗೆ ಪುಸ್ತಕದ ಅಂಗಡಿಯಿಂದ ವಾರಕ್ಕೊಂದು ಕಾಮಿಕ್ಸ್ ತರುತ್ತಿದ್ದ. ಮನೆಯ ಮುಂದಿನ ಮೆಟ್ಟಿಲ ಮೇಲೆ ಇಬ್ಬರೂ ಕೂರುತ್ತಿದ್ದರು. ಕಬ್ಬಿಣದ ಬೂಟು ಹಾಕಿಕೊಂಡು ಊರುಗೋಲಿನಿಂದ ರೈಲು ಎತ್ತುವ ಕಬ್ಬಿಣದಜ್ಜಿ, ಒಂದರ ಮೇಲೊಂದು ಮೂರು ಟೋಪಿ ಇಡುವ ಮೂರ್ಟೋಪಿ ಪತ್ತೇದಾರ, ಪೆಟ್ಟಿಗೆಯ ಮೇಲೆ ನಿಂತು ಹಡಗು ನಡೆಸುವ ಗಿಡ್ಡ ಕಪ್ತಾನ, ಗಂಟೆ ಹೊಡೆದ ಕೂಡಲೇ ರೆಕ್ಕೆ ಮೂಡುವ ರೆಕ್ಕೆ ಮೇಷ್ಟ್ರು. ಅಣ್ಣ ಒಬ್ಬೊಬ್ಬರಿಗೂ ಒಂದೊಂದು ದನಿ ಮಾಡಿ ಓದುತ್ತಿದ್ದ, ಅವಳು ಅವನ ಹಿಂದೆ ಹೇಳುತ್ತಿದ್ದಳು. ಹದಿನೈದರ ಹುಡುಗ, ಗೆಳೆಯರೆಲ್ಲ ಮೈದಾನದಲ್ಲಿ ಚೆಂಡಿನ ಹಿಂದೆ ಓಡುವ ಹೊತ್ತಿನಲ್ಲಿ, ಮೊಣಕಾಲೆತ್ತರದ ತಂಗಿಯನ್ನು ಕೂರಿಸಿಕೊಂಡು ಯಾಕೆ ಓದುತ್ತಿದ್ದ ಎಂದು ಅವಳು ಯಾವತ್ತೂ ಕೇಳಿಕೊಂಡಿರಲಿಲ್ಲ. ಅಣ್ಣನಿಗೆ ಕಾಮಿಕ್ಸ್ ಎಂದರೆ ಪ್ರಾಣ, ಅಷ್ಟೇ ಅವಳು ತಿಳಿದದ್ದು.

ಆ ಪುಸ್ತಕಗಳು ಈಗ ಎಲ್ಲಿಂದ ಬರಬೇಕು? ಅಂಗಡಿಯೇ ಇಲ್ಲ. ಹಲ್ಲಕ್ಕನ ಮಗಳು ಫೋನಿನಲ್ಲಿ ಜಾಲಾಡಿದಳು. ಒಂದು ಹಾಳೆಯೂ ಸಿಗಲಿಲ್ಲ. ಮಗಳು ಆಗ ಕಾಲೇಜಿನಲ್ಲಿ ವಿನ್ಯಾಸ ಓದುತ್ತಿದ್ದಳು. ಹೊಸ ಟ್ಯಾಬ್ಲೆಟ್ ಕೊಂಡಿದ್ದರಿಂದ ಮೂಲೆ ಬಿರುಕು ಬಿಟ್ಟ ಹಳೆಯದು ಕಪಾಟಿನಲ್ಲಿ ಬಿದ್ದಿತ್ತು. ಅದನ್ನು ಒರೆಸಿ, ಬರೆಯುವ ಪೆನ್ನಿನ ಜತೆ ಅಮ್ಮನ ಮುಂದೆ ಇಟ್ಟಳು.

"ನೀನೇ ಬರಿ."

"ನಾನಾ? ನಂಗೆ ದವಡೆ ಬಿಟ್ರೆ ಬೇರೇನು ಬರುತ್ತೆ?"

"ದಿನಾ ಒಂದು ಬರಿ ಅಮ್ಮ. ಚೆನ್ನಾಗಿರೋದು ಬೇಡ, ದಿನಾ ಇರ್ಬೇಕು."

ಹೀಗೆ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಹಲ್ಲಕ್ಕ ಚಿತ್ರ ಬರೆಯಲು ಕೂತಳು. ಅದಕ್ಕೆ ಹೊತ್ತೂ ತಾನಾಗಿ ಒದಗಿಬಂತು. ಸುರಿದ ಪ್ಲಾಸ್ಟರ್ ಗಟ್ಟಿಯಾಗಲು ಮುಕ್ಕಾಲು ಗಂಟೆ ಬೇಕು. ಇಪ್ಪತ್ತಾರು ವರ್ಷ ಆ ಮುಕ್ಕಾಲು ಗಂಟೆಯಲ್ಲಿ ಅವಳು ಟೀ ಕುಡಿಯುತ್ತಾ ಕಿಟಕಿಯಿಂದ ಬೀದಿ ನೋಡುತ್ತಿದ್ದಳು. ಈಗ ಟೀ ಒಂದು ಕಡೆ ಆರುತ್ತಿತ್ತು, ಅವಳು ಟ್ಯಾಬ್ಲೆಟ್ಟಿನ ಮೇಲೆ ಬಾಗಿರುತ್ತಿದ್ದಳು. ಎರಡು ಬೆರಳಿನಿಂದ ಗಾಜನ್ನು ತಟ್ಟಿದರೆ ಹಿಂದೆ ಎಳೆದ ಗೆರೆ ಮಾಯವಾಗುವುದನ್ನು ಮಗಳು ತೋರಿಸಿಕೊಟ್ಟಾಗ ಅವಳಿಗೆ ಹೊಟ್ಟೆಕಿಚ್ಚೇ ಆಯಿತು. ತಪ್ಪಾಗಿ ಕೆತ್ತಿದ ಮೇಣವನ್ನು ಕಾಯಿಸಿ ಮತ್ತೆ ಹಚ್ಚಬಹುದು, ಆದರೆ ಕೆತ್ತಿದ ಪ್ಲಾಸ್ಟರ್ ಕೆತ್ತಿದ್ದೇ. ಇಲ್ಲಿ ನೋಡಿದರೆ ತಟ್ಟಿದರೆ ಸಾಕು, ತಪ್ಪು ಮಾಡಿದ್ದಕ್ಕೆ ಸಾಕ್ಷಿಯೇ ಇಲ್ಲ.

ಮೊದಲ ಚಿತ್ರ ಕಬ್ಬಿಣದಜ್ಜಿಯದು. ಬೇರೆಯವರು ಮುಖ ಬರೆಯುವಾಗ ಮೊದಲು ಒಂದು ಗುಂಡು ಎಳೆಯುತ್ತಾರಂತೆ. ಹಲ್ಲಕ್ಕ ಹಲ್ಲಿನಿಂದ ಶುರು ಮಾಡಿದಳು. ಕಾಮಿಕ್ಸಿನಲ್ಲಿ ನಗುವ ಬಾಯೆಂದರೆ ಒಂದು ಬಿಳಿಯ ಪಟ್ಟಿ. ಯಾವ ಚಿತ್ರಗಾರನೂ ಅಲ್ಲಿ ಹಲ್ಲು ಎಣಿಸುವುದಿಲ್ಲ. ಇವಳು ಮೇಲಿನ ಹನ್ನೆರಡು ಹಲ್ಲುಗಳನ್ನು ಒಂದೊಂದಾಗಿ, ಕೋರೆಹಲ್ಲಿಗೆ ಕೋರೆಯ ಚೂಪು, ಮುಂದಿನದಕ್ಕೆ ಮುಂದಿನದರ ಅಗಲ ಕೊಟ್ಟು, ಶ್ರದ್ಧೆಯಿಂದ ಕೂರಿಸಿದಳು. ಬಣ್ಣ ಹಚ್ಚುವಾಗಲೂ ಅಷ್ಟೇ. ಅಜ್ಜಿಯ ವಯಸ್ಸಿಗೆ ಬೆಳ್ಳಗಿನ ಹಲ್ಲು ಎಲ್ಲಿಂದ ಬರಬೇಕು ಎಂದು ಹದವಾದ ಹಳದಿ ಹಚ್ಚಿದಳು. ಉಳಿದ ಜಾಗದಲ್ಲಿ ಕಣ್ಣು, ಮೂಗು, ಬೂಟು ಹೇಗೋ ಹಿಡಿಸಿದವು.

ಮಗಳು ಟ್ಯಾಬ್ಲೆಟ್ಟನ್ನು ಓರೆಯಾಗಿ ಹಿಡಿದು ನೋಡಿದಳು. "ಅಮ್ಮ, ಈ ಅಜ್ಜಿ ನಗ್ತಿದ್ದಾಳಾ, ಕಚ್ಚೋಕೆ ಬರ್ತಿದ್ದಾಳಾ?"

ಸಂಜೆ ಆರಕ್ಕೆ ಕೆಲಸ ಮುಗಿಸಿ ಹಲ್ಲಕ್ಕ ಅಣ್ಣನ ಮನೆಗೆ ಹೋಗಿ ಚಿತ್ರ ತೋರಿಸಿದಳು. "ಯಾರು ಹೇಳು ಅಣ್ಣ?" ಅಣ್ಣ ನೋಡಿದ. ಹುಬ್ಬು ಸ್ವಲ್ಪ ಏರಿತು. ಆಮೇಲೆ ಮುಖ ಕಿಟಕಿಗೆ ತಿರುಗಿತು. ಮರುದಿನ ಮೂರ್ಟೋಪಿ ಪತ್ತೇದಾರ, ಆಮೇಲೆ ಗಿಡ್ಡ ಕಪ್ತಾನ. ಹತ್ತು ದಿನ, ಹತ್ತು ಚಿತ್ರ, ಹತ್ತು ಸಲ ಕಿಟಕಿ. ಬಿಡುವುದು ಒಳ್ಳೆಯದು ಎಂದು ಅವಳಿಗೂ ಅನಿಸಿತ್ತು. ಆದರೆ ಅಷ್ಟರಲ್ಲಿ ಕೈಗೆ ಚಟ ಹತ್ತಿತ್ತು.

ಹನ್ನೊಂದನೆಯ ದಿನದ ಚಿತ್ರ ರೆಕ್ಕೆ ಮೇಷ್ಟ್ರದು. ಪಾಪ, ಆ ಮೇಷ್ಟ್ರು ಕಾಮಿಕ್ಸಿನಲ್ಲಿ ಒಂದೇ ಒಂದು ಸಲವೂ ನಕ್ಕವರಲ್ಲ. ಹಲ್ಲಕ್ಕ ಅವರಿಗೂ ಎರಡು ಸಾಲು ಹಲ್ಲು ಕಟ್ಟಿದ್ದಳು. ಅಣ್ಣ ನೋಡಿದ. ಕಿಟಕಿಯ ಕಡೆ ತಿರುಗಿದ. ಮತ್ತೆ ಈ ಕಡೆ ತಿರುಗಿದ. ಕೋಲೂರಿ ಎದ್ದು, ಮೇಜಿನ ಖಾನೆ ಎಳೆದು, ತಿಂಗಳುಗಳಿಂದ ಮುಟ್ಟದ ಕೆಂಪು ಪೆನ್ಸಿಲನ್ನು ಎಡಗೈಯಲ್ಲಿ ಹಿಡಿದುಕೊಂಡು ಬಂದ. ಯಾರಿಗೂ ಏನೆಂದು ತಿಳಿಯುವ ಮೊದಲೇ ಟ್ಯಾಬ್ಲೆಟ್ಟಿನ ಗಾಜಿನ ಮೇಲೆ ಪೆನ್ಸಿಲ್ ಒತ್ತಿ ಮೇಷ್ಟ್ರ ಹಲ್ಲಿನ ಸಾಲಿಗೆ ಅಡ್ಡಗೆರೆ ಎಳೆದು, ಗೆರೆಯ ಕೊನೆಯಲ್ಲಿ ಒಂದು ಸುರುಳಿ ಸುತ್ತಿದ. ಪ್ರೂಫ್ ನೋಡುವವರ ಭಾಷೆಯಲ್ಲಿ ಅದರ ಅರ್ಥ, ಇದನ್ನು ತೆಗೆದುಹಾಕು.

"ಅಯ್ಯೋ, ಗಾಜು ರೀ!" ಎಂದು ಕೂಗಿದರು ಅತ್ತಿಗೆ.

ಅಣ್ಣನಿಗೆ ಗಾಜಿನ ಪರಿವೆಯಿಲ್ಲ. ಮುಖ ಕೆಂಪಾಗಿತ್ತು. ಪೆನ್ಸಿಲಿನ ತುದಿಯಿಂದ ಟಕಟಕ ಕುಟ್ಟುತ್ತಾ ತಂಗಿಯನ್ನು ದುರುಗುಟ್ಟಿ ನೋಡಿದ. ಗಂಟಲಿನಲ್ಲಿ ಏನೋ ಗೊರಗೊರ ಎಂದಿತು. "ಹ... ಹ..." ಎಂದು ಹೆಣಗಾಡಿ, ಕೊನೆಗೆ ಉಗುಳಿದಂತೆ ಹೇಳಿದ.

"ಹಲ್ಲು!"

ಅತ್ತಿಗೆ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಹಲ್ಲಕ್ಕನಿಗೆ ನಗು ಮೊದಲು ಬಂತೋ ಅಳು ಮೊದಲು ಬಂತೋ, ಈಗ ಕೇಳಿದರೂ ಹೇಳಲಾರಳು. ಸುಮಾರು ನಾಲ್ಕು ತಿಂಗಳ ಮೇಲೆ ಅಣ್ಣ ಆಡಿದ ಮೊದಲ ಮಾತು ಬೈಗುಳ, ಅದೂ ಅವಳ ಕಸುಬಿಗೆ ಬಿದ್ದ ಬೈಗುಳ. ಅಷ್ಟು ಸಿಹಿಯಾದ ಬೈಗುಳವನ್ನು ಅವಳು ಜನ್ಮದಲ್ಲಿ ತಿಂದಿರಲಿಲ್ಲ. "ಹೌದು ಅಣ್ಣ, ಹಲ್ಲು. ಹಲ್ಲು ಜಾಸ್ತಿ ಆಯ್ತು. ಬೈಯಿ, ಇನ್ನೂ ಬೈಯಿ" ಎಂದು ಅವನ ಎರಡೂ ಕೈ ಹಿಡಿದುಕೊಂಡಳು.

ಮೇಡಂಗೆ ಹೇಳಿದಾಗ ಅವರೂ ನಕ್ಕು, "ಇದ್ಯಾವ ಪುಸ್ತಕದಲ್ಲೂ ಇಲ್ಲ. ಆದ್ರೆ ನಿಲ್ಲಿಸ್ಬೇಡಿ, ದಿನಾ ಒಂದು" ಎಂದರು. ಮಗಳು ಟ್ಯಾಬ್ಲೆಟ್ಟಿನಲ್ಲಿ ಚಿತ್ರದ ಮೇಲೆ ಇನ್ನೊಂದು ಪದರ ಮಾಡಿಕೊಟ್ಟಳು, ಚಿತ್ರದ ಮೇಲೆ ಪಾರದರ್ಶಕ ಹಾಳೆ ಹೊದಿಸಿದ ಹಾಗೆ. ಆ ಪದರದ ಬಣ್ಣ ಕೆಂಪು, ಒಡೆಯ ಅಣ್ಣ. "ಮಾಮ, ಇನ್ಮೇಲೆ ಪೆನ್ಸಿಲ್ ಬೇಡ, ಈ ಪೆನ್ನು ತಗೊಳ್ಳಿ" ಎಂದು ಅವನ ಎಡಗೈಗೆ ಅದನ್ನು ಕೊಟ್ಟಳು.

ಅಲ್ಲಿಂದ ಆ ಮನೆಯಲ್ಲಿ ಒಂದು ಹೊಸ ಪ್ರೆಸ್ಸೇ ಶುರುವಾಯಿತು ಅನ್ನಿ. ಮಧ್ಯಾಹ್ನ ಪ್ಲಾಸ್ಟರ್ ಗಟ್ಟಿಯಾಗುವಾಗ ಚಿತ್ರ, ಸಂಜೆ ಆರಕ್ಕೆ ತಿದ್ದುಪಡಿ. ಪುಸ್ತಕಗಳು ಜಗತ್ತಿನಲ್ಲಿ ಉಳಿದಿರಲಿಲ್ಲ, ಆದರೆ ಮೂಲಪ್ರತಿ ಅಣ್ಣನ ತಲೆಯಲ್ಲಿ ಒಂದು ಗುಂಡಿಯೂ ಉದುರದೆ ಭದ್ರವಾಗಿತ್ತು. ಅಜ್ಜಿಯ ಬೂಟಿಗೆ ಬೆಲ್ಟು ಎರಡಲ್ಲ, ಮೂರು. ಕಪ್ತಾನನ ಮಚ್ಚೆ ಎಡಗೆನ್ನೆಯದು. ಪತ್ತೇದಾರನ ನಡುವಿನ ಟೋಪಿಗೆ ಗರಿ. ಒಂದೊಂದು ಕೆಂಪು ಗುರುತಿಗೂ ಒಂದೊಂದು ಮಾತು ಗುದ್ದಾಡಿ ಹೊರಬರುತ್ತಿತ್ತು. "ಬೆಲ್ಟು." "ಎಡ." "ಗರಿ ಎಲ್ಲಿ?" ಎರಡು ಪದ ಒಟ್ಟಿಗೆ ಬಂದ ದಿನ ಅತ್ತಿಗೆ ಬಾಗಿಲ ಹಿಂದೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಬಂದ ಪದಗಳನ್ನೆಲ್ಲ ಅವರು ಅಡುಗೆಮನೆಯ ಕಪಾಟಿನ ಬಾಗಿಲ ಒಳಗಡೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದರು. ಅದರಲ್ಲೂ ಒಂದು ತಪ್ಪು ಬರೆದು ಗಂಡನಿಂದ ತಿದ್ದಿಸಿಕೊಂಡರು.

ಆದರೆ ಒಂದು ಕಡೆ ಬೆಳಕಾದರೆ ಇನ್ನೊಂದು ಕಡೆ ನೆರಳು ಬೀಳದೆ ಇರುತ್ತದೆಯೇ? ದಿನಾ ಬರೆದರೆ ಕೈ ಕಲಿಯುತ್ತದೆ. ಕೆತ್ತುವ ಕೈ ಬೇರೆ, ಬೇಗ ಕಲಿಯಿತು. ಐವತ್ತನೆಯ ಚಿತ್ರದ ಹೊತ್ತಿಗೆ ಹಲ್ಲಕ್ಕನ ಬಾಯಿಗಳಲ್ಲಿ ಬಿಳಿಯ ಪಟ್ಟಿ ಬಂದಿತ್ತು. ಒಳಗೊಳಗೇ ಎಣಿಸಿದರೂ ಹೊರಗೆ ಬರೆಯುವುದನ್ನು ಬಿಟ್ಟಿದ್ದಳು. ಎಪ್ಪತ್ತರ ಹೊತ್ತಿಗೆ ಅಜ್ಜಿ ನಿಜಕ್ಕೂ ರೈಲು ಎತ್ತುವಂತೆ ಕಾಣುತ್ತಿದ್ದಳು. ಅಣ್ಣನ ಕೆಂಪು ಗುರುತು ಹತ್ತರಿಂದ ಆರಕ್ಕೆ, ಆರರಿಂದ ಎರಡಕ್ಕೆ ಇಳಿಯಿತು. ಮಾತೂ ಅದರ ಜತೆಗೇ ಇಳಿಯಿತು. ಎಂಬತ್ಮೂರನೆಯ ಚಿತ್ರ ಕಪ್ತಾನನದು. ಅಣ್ಣ ಮೇಲಿಂದ ಕೆಳಗೆ ನೋಡಿ, ತಲೆಯಾಡಿಸಿ, ಪೆನ್ನನ್ನು ಹಾಗೇ ಹಿಂದಕ್ಕೆ ಕೊಟ್ಟ. ಆ ಸಂಜೆ ಅವನ ಬಾಯಿಂದ ಒಂದು ಪದವೂ ಬರಲಿಲ್ಲ. ಇನ್ಯಾರಾದರೂ ಆಗಿದ್ದರೆ ಹಿಗ್ಗುತ್ತಿದ್ದರು. ಹಲ್ಲಕ್ಕ ದಿನ ಲೆಕ್ಕ ಹಾಕಿದಳು. ಮೇಡಂ ಹೇಳಿದ ಆರು ತಿಂಗಳು ಮುಗಿದೇ ಹೋಗಿತ್ತು. ಬಂದದ್ದು ಹಿಡಿಯಷ್ಟು ಬಿಡಿ ಪದ. ಇನ್ನು ಅವಳ ತಪ್ಪುಗಳೂ ತೀರಿಹೋದರೆ?

ಮರುದಿನ ಅವಳು ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡಳು. ಕಬ್ಬಿಣದಜ್ಜಿಯ ಬಲಗೈಗೆ ಬೇಕೆಂದೇ ಆರು ಬೆರಳು ಬರೆದಳು.

ಅಣ್ಣ ಚಿತ್ರ ನೋಡಿದ. ಆರನೆಯ ಬೆರಳಿನ ಮೇಲೆ ಕಣ್ಣು ನಿಂತಿತು. ಪೆನ್ನು ಎತ್ತಲಿಲ್ಲ. ತಲೆಯೆತ್ತಿ ತಂಗಿಯ ಮುಖ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳು ತನ್ನ ಬಲಗೈಯನ್ನು ತಾನೇ ಬೆನ್ನ ಹಿಂದೆ ಅಡಗಿಸಿಕೊಂಡಳು. ಮೂವತ್ತೊಂದು ವರ್ಷ ತಪ್ಪುಗಳ ಜತೆ ಬಾಳಿದವನಿಗೆ ಕೈಜಾರಿ ಆದ ತಪ್ಪು ಯಾವುದು, ತಂದಿಟ್ಟ ತಪ್ಪು ಯಾವುದು ಎಂದು ತಿಳಿಯದೆ ಇರುತ್ತದೆಯೇ? ಅಣ್ಣ ನಿಧಾನಕ್ಕೆ ಎದ್ದು ಖಾನೆ ತೆರೆದ. ಮೇಡಂ ಬಿಟ್ಟುಹೋಗಿದ್ದ ಕಾರ್ಡುಗಳ ಕಟ್ಟನ್ನು ತಂದು, ಅದರಲ್ಲಿ ಬಟ್ಟಲಿನ ಕಾರ್ಡನ್ನು ಹುಡುಕಿ ತೆಗೆದು, ಅಜ್ಜಿಯ ಚಿತ್ರದ ಮೇಲೆ ಇಟ್ಟ. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿದ.

ಮೂರು ದಿನ ಅವನು ಪೆನ್ನು ಮುಟ್ಟಲಿಲ್ಲ, ಬಾಯಿ ತೆರೆಯಲಿಲ್ಲ. ಹಲ್ಲಕ್ಕ ದಿನಾ ಬಂದು, ಟ್ಯಾಬ್ಲೆಟ್ ಚೀಲದಿಂದ ತೆಗೆಯದೆ ಕೂತು ಹೋದಳು.

"ನೀನೂ ಅವ್ರನ್ನ ಮಗು ಮಾಡ್ಬಿಟ್ಯಲ್ಲೇ," ಎಂದರು ಅತ್ತಿಗೆ ಅಡುಗೆಮನೆಯಲ್ಲಿ, ಮೆಲ್ಲಗೆ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. "ಆ ಕೆಂಪು ಗೆರೆ ಎಳೆಯುವಾಗ ಮಾತ್ರ ಅವ್ರಿಗೆ ತಾನು ಮೊದಲಿನ ಹಾಗೇ ಇದ್ದೀನಿ ಅನ್ನಿಸ್ತಿತ್ತು. ಅದನ್ನೂ ಆಟ ಮಾಡಿದ್ಯಲ್ಲ."

ನಾಲ್ಕನೆಯ ಸಂಜೆ ಹಲ್ಲಕ್ಕ ನೇರ ಅಣ್ಣನ ಮುಂದೆ ಹೋಗಿ ನಿಂತಳು. "ತಪ್ಪಾಯ್ತು ಅಣ್ಣ. ನಿನ್ನ ಮಾತು ನಿಂತುಹೋಗುತ್ತೆ ಅಂತ ಹೆದರಿಕೆ ಆಯ್ತು. ಅದಕ್ಕೇ ಹಾಗ್ಮಾಡ್ದೆ. ಇನ್ನು ಮಾಡಲ್ಲ."

ಅಣ್ಣ ಅವಳ ಕಡೆ ತಿರುಗಿದ. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ಕಷ್ಟದ್ದು... ಬರಿ."

ಹೌದಲ್ಲ! ಬಂದದ್ದನ್ನೇ ಬರೆಯುತ್ತಿದ್ದರೆ ತಪ್ಪು ಎಲ್ಲಿಂದ ಬರಬೇಕು? ಬಾರದ್ದನ್ನು ಬರೆದರೆ ಒಳ್ಳೆಯ, ಪ್ರಾಮಾಣಿಕ ತಪ್ಪುಗಳು ಬೇಕಾದಷ್ಟು ಸಿಗುತ್ತವೆ. ಅಂದು ಮನೆಗೆ ನಡೆಯುವಾಗ ಅವಳ ಹೆಜ್ಜೆ ಹಗುರವಾಗಿತ್ತು. ತನಗೆ ಎಲ್ಲಕ್ಕಿಂತ ಕಷ್ಟದ್ದು ಯಾವುದು? ಅಜ್ಜಿ, ಕಪ್ತಾನ, ಮೇಷ್ಟ್ರು ಎಲ್ಲರೂ ಯಾರೋ ಮೊದಲೇ ಬರೆದಿಟ್ಟವರು. ಯಾರೂ ಬರೆಯದೆ ಇದ್ದದ್ದು ಒಂದಿತ್ತು. ಮನೆಯ ಮುಂದಿನ ಮೆಟ್ಟಿಲು, ಅದರ ಮೇಲೆ ಕೂತ ಇಬ್ಬರು, ಅವರ ತೊಡೆಯ ಮೇಲೆ ತೆರೆದ ಪುಸ್ತಕ. ಅದನ್ನು ಕಾಮಿಕ್ಸಿನ ಒಂದು ಇಡೀ ಪುಟದ ಚಿತ್ರವಾಗಿ ಬರೆಯುವುದು ಎಂದು ಗಟ್ಟಿಮಾಡಿಕೊಂಡಳು. ಅಂಥದ್ದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ.

ಹನ್ನೊಂದು ದಿನ ಹಿಡಿಯಿತು. ಮೆಟ್ಟಿಲು ಓರೆಯಾದವು, ತೊಡೆಯ ಮೇಲಿನ ಪುಸ್ತಕ ಗಾಳಿಯಲ್ಲಿ ತೇಲಿತು, ಹದಿನೈದರ ಹುಡುಗ ಒಮ್ಮೆ ಡಾಕ್ಟರಂತೆ, ಒಮ್ಮೆ ಪೋಸ್ಟ್‌ಮ್ಯಾನನಂತೆ ಕಂಡ. ಗಾಜು ತಟ್ಟಿ ತಟ್ಟಿ ಅವಳ ಎರಡು ಬೆರಳು ಸವೆದವು. ಎರಡು ಸಲ ಪ್ಲಾಸ್ಟರ್ ಗಟ್ಟಿಯಾಗಿ ಕಾಯುತ್ತಾ ಕೂತದ್ದೂ ಮರೆತುಹೋಗಿ ಡಾಕ್ಟರಿಂದ ಫೋನು ಬಂತು. ಆದರೆ ಆ ಹನ್ನೊಂದು ದಿನವೂ ಸಂಜೆ ಅಣ್ಣನಿಗೆ ಅರ್ಧಂಬರ್ಧ ಚಿತ್ರವನ್ನೇ ತೋರಿಸಿದಳು, ಅಣ್ಣ ಅರ್ಧಂಬರ್ಧ ಮಾತಿನಲ್ಲೇ ತಿದ್ದಿದ. "ಮೆಟ್ಟಿಲು ಮೂರು." "ನನ್ನ ಜೇಬು... ಹರಿದಿತ್ತು." ಹುಡುಗಿಯ ಮುಖವನ್ನು ಮಾತ್ರ ಅವಳು ಕೊನೆಗೆ ಇಟ್ಟುಕೊಂಡಿದ್ದಳು.

ಪಾರ್ಶ್ವವಾಯು ಬಡಿದು ಎಂಟನೆಯ ತಿಂಗಳು ನಡೆಯುತ್ತಿತ್ತು. ರಜೆಯ ಬೆಳಿಗ್ಗೆ, ಪೂರ್ತಿಯಾದ ಚಿತ್ರವನ್ನು ಅಣ್ಣನ ಮುಂದೆ ಇಟ್ಟಳು. ಹುಡುಗಿ ಅಣ್ಣನ ಮುಖ ನೋಡುತ್ತಾ ಬಾಯಿ ತುಂಬ ನಗುತ್ತಿದ್ದಾಳೆ. ಇದೊಂದು ಬಾಯಿಗೆ ಹಲ್ಲಕ್ಕ ಬಿಳಿಯ ಪಟ್ಟಿ ಎಳೆದಿರಲಿಲ್ಲ. ತನ್ನದೇ ಬಾಯಿ, ಆಸೆಯಿಂದ ಪುಟ್ಟಪುಟ್ಟ ಹಲ್ಲು ಕೂರಿಸಿದ್ದಳು.

ಅಣ್ಣ ಚಿತ್ರದಲ್ಲಿನ ಬಾಗಿಲ ಚಿಲಕವನ್ನು ಎಡದಿಂದ ಬಲಕ್ಕೆ ಸರಿಸಲು ಬಾಣದ ಗುರುತು ಹಾಕಿದ. ಪುಸ್ತಕ ನೋಡಿದ, ಬಿಟ್ಟ. ಹುಡುಗಿಯ ಬಾಯಿಯ ಹತ್ತಿರ ಬಂದು ಪೆನ್ನು ನಿಂತಿತು. ತುಂಬಾ ಹೊತ್ತು ನಿಂತಿತು. ಆಮೇಲೆ ಮೇಲಿನ ಸಾಲಿನ ನಡುವಿನ ಎರಡು ಹಲ್ಲುಗಳಿಗೆ ಅಡ್ಡಗೆರೆ ಎಳೆದು, ಕೊನೆಯಲ್ಲಿ ಸುರುಳಿ ಸುತ್ತಿದ.

"ಅಣ್ಣ, ಈ ಸಲ ಹಲ್ಲು ಸರಿಯಾಗಿದೆ," ಎಂದಳು ಅವಳು. "ಹಲ್ಲಿನ ವಿಷಯ ನಂಗೆ ಬಿಡು. ಅದು ನನ್ನ ಕಸುಬು."

ಅಣ್ಣ ತಲೆ ಅಲ್ಲಾಡಿಸಿದ. "ಇರ್ಲಿಲ್ಲ."

"ಏನು ಇರ್ಲಿಲ್ಲ?"

ಅಣ್ಣ ಕಣ್ಣು ಮುಚ್ಚಿಕೊಂಡ. ಹಣೆಯ ನರ ಉಬ್ಬಿತು. ಒಂದೊಂದು ಪದವನ್ನೂ ಬಾವಿಯಿಂದ ಸೇದುವಂತೆ ಎಳೆದೆಳೆದು ಹೇಳಿದ. "ನಿಂಗೆ... ಮುಂದಿನ... ಎರಡು ಹಲ್ಲು... ಇರ್ಲಿಲ್ಲ. ಮೆಟ್ಟಿಲ ಮೇಲೆ... ಬಿದ್ದಿದ್ದೆ. ಎಲ್ರೂ... ನಗ್ತಿದ್ರು. ನೀನು... ಮಾತು... ಬಿಟ್ಟಿದ್ದೆ."

ಹಲ್ಲಕ್ಕ ಚಿತ್ರವನ್ನೇ ನೋಡಿದಳು. ನಲವತ್ತು ವರ್ಷಕ್ಕೂ ಹಿಂದಿನ ಒಂದು ನೋವು ನಾಲಿಗೆಯ ತುದಿಗೆ ಬಂತು, ಖಾಲಿ ಒಸಡನ್ನು ನಾಲಿಗೆ ಮುಟ್ಟಿ ನೋಡುವ ಆ ಚಟದ ನೆನಪು. ಅದೇ ಮೂರು ಮೆಟ್ಟಿಲು, ಜಾರಿದ್ದು, ರಕ್ತ. ಮುಂದಿನ ಹಲ್ಲಿಲ್ಲದೆ ಮಾತೆಲ್ಲ ಗಾಳಿಯಾಗಿ ಹೊರಡುತ್ತಿತ್ತು. ಬೀದಿಯ ಮಕ್ಕಳು ಅವಳಂತೆಯೇ ಆಡಿ ತೋರಿಸಿ ನಗುತ್ತಿದ್ದರು. ಅವಳು ಬಾಯಿ ಮುಚ್ಚಿದಳು. ಮನೆಯಲ್ಲೂ ಮುಚ್ಚಿದಳು, ತಿಂಗಳುಗಟ್ಟಲೆ. ಆಗ ಅಣ್ಣ ಬಾಡಿಗೆ ಪುಸ್ತಕದ ಅಂಗಡಿಯಿಂದ ಒಂದು ಕಾಮಿಕ್ಸ್ ತಂದು ಅವಳ ಪಕ್ಕ ಕೂತು, ಕಬ್ಬಿಣದಜ್ಜಿಯ ದನಿ ಮಾಡಿ ಒಂದು ಸಾಲು ಓದಿ, "ನೀನು ಹೇಳು" ಎಂದಿದ್ದ. ಅವನಿಗೆ ಕಾಮಿಕ್ಸ್ ಎಂದರೆ ಪ್ರಾಣವಲ್ಲ. ಮೈದಾನದ ಚೆಂಡು ಬಿಟ್ಟು ಅವನು ಒಂದು ವರ್ಷ ಅಲ್ಲಿ ಕೂತದ್ದು ಅವಳ ಬಾಯಿ ತೆರೆಸಲಿಕ್ಕೆ. ಜಗತ್ತಿನ ತಪ್ಪನ್ನೆಲ್ಲ ತಿದ್ದುವ ಅಣ್ಣ ಅವಳು ಆ ಹಲ್ಲಿಲ್ಲದ ಬಾಯಲ್ಲಿ ಹೇಳಿದ್ದನ್ನು ಒಂದು ಸಲವೂ ತಿದ್ದಿರಲಿಲ್ಲ. ಏನು ಹೇಳಿದರೂ ಪುಟ ತಿರುಗಿಸಿ ಮುಂದಿನ ಸಾಲಿಗೆ ಹೋಗುತ್ತಿದ್ದ.

ಇಷ್ಟು ತಿಂಗಳು ತಾನೇ ಅಣ್ಣನಿಗೆ ಏನೋ ಮಾಡುತ್ತಿದ್ದೇನೆ ಎಂದುಕೊಂಡಿದ್ದಳು. ಅವನದನ್ನೇ ಅವನಿಗೆ ಹಿಂದಿರುಗಿಸುತ್ತಿದ್ದಳಷ್ಟೆ.

"ಅಣ್ಣ, ನಂಗೆ ಮಾತು ಕೊಟ್ಟಿದ್ದು ನೀನು," ಎಂದಳು. "ನಂಗೆ ಗೊತ್ತೇ ಇರ್ಲಿಲ್ಲ."

ಅಣ್ಣ ಪೆನ್ನಿನ ತುದಿಯಿಂದ ಮೇಜನ್ನು ಟಕ್ ಎಂದು ಕುಟ್ಟಿದ. "ತಪ್ಪು," ಎಂದ. "ಗೊತ್ತಿತ್ತು. ಮರ್ತಿದ್ದೆ."

ಅಳುತ್ತಲೇ ನಕ್ಕು ಅವಳು ಪೆನ್ನು ತೆಗೆದುಕೊಂಡಳು. ಊರಿನವರ ಬಾಯಿಗೆಲ್ಲ ಹಲ್ಲು ಕೂರಿಸಿದ ಕೈಯಿಂದ ತನ್ನ ಬಾಯಿಯ ಎರಡು ಹಲ್ಲುಗಳನ್ನು ಅಳಿಸಿದಳು. ನಗುವಿನ ನಡುವೆ ಒಂದು ಪುಟ್ಟ ಕಿಟಕಿ ತೆರೆಯಿತು, ಹುಡುಗಿ ಅವಳೇ ಆದಳು. ಚಿಲಕವನ್ನೂ ಸರಿಪಡಿಸಿ ಟ್ಯಾಬ್ಲೆಟ್ಟನ್ನು ಮತ್ತೆ ಅಣ್ಣನ ಮುಂದಿಟ್ಟಳು.

ಅಣ್ಣ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಯ ತನಕ, ಪ್ರೆಸ್ಸಿನಲ್ಲಿ ಕೊನೆಯ ಪ್ರೂಫ್ ನೋಡುವಂತೆ, ಸಾಲುಸಾಲಾಗಿ ನೋಡಿದ. ಎಡಗೈಯಲ್ಲಿ ಪೆನ್ನು ಹಿಡಿದು ಚಿತ್ರದ ಕೆಳಗೆ ಸೊಟ್ಟಪಟ್ಟ ಸಹಿ ಹಾಕಿದ.

"ಅಚ್ಚಿಗೆ... ಕೊಡಬಹುದು."

ಅಡುಗೆಮನೆಯಿಂದ ಅತ್ತಿಗೆ ಸೌಟು ಹಿಡಿದುಕೊಂಡೇ ಓಡಿಬಂದರು. "ಏನಂದ್ರಿ? ಇನ್ನೊಂದ್ಸಲ ಹೇಳಿ!" ಅಣ್ಣ ಇನ್ನೊಂದು ಸಲ ಹೇಳಿದ. ಅತ್ತಿಗೆ ಚಿತ್ರ ನೋಡಿದರು, ಗಂಡನನ್ನು ನೋಡಿದರು, ಸೌಟು ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಂಡರು. "ನೋಡಿದ್ಯೇನೇ? ಎಂಟು ತಿಂಗಳಿಂದ ಈ ಮಾತಿಗೋಸ್ಕರ ಅಡುಗೆ ಮಾಡ್ತಿರೋಳು ನಾನು. ಸಿಕ್ಕಿದ್ದು ಈ ಬೊಚ್ಚುಬಾಯಿ ಹುಡುಗಿಗೆ!"

ಪಕ್ಕದ ಮೂರು ಮನೆಗಳಿಗೆ ಸುದ್ದಿ ಮುಟ್ಟಿಸಲು ಅವರು ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು.